ಎರಡು ಬೇರೆ ಕಂಪನಿಯ ಪಿಬಿಎಕ್ಸ್ ನಡುವೆ ಸಿಪ್ ಟ್ರಂಕ್: ದನಿ ಒಂದೇ ಕಡೆ, ಅರ್ಧ ನಿಮಿಷಕ್ಕೆ ಕಟ್

ಕೆಂಪು ಮೆಣಸಿನಕಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮೆಣಸಿನಕಾಯಿ ವ್ಯಾಪಾರ. ಆಫೀಸು ಹುಬ್ಬಳ್ಳಿಯಲ್ಲಿ, ಕೋಲ್ಡ್ ಸ್ಟೋರೇಜ್ ಬ್ಯಾಡಗಿಯಲ್ಲಿ. ಹುಬ್ಬಳ್ಳಿಯಲ್ಲಿ ದೊಡ್ಡ ಕಂಪನಿಯೊಂದರ ಐಪಿ ಪಿಬಿಎಕ್ಸ್ (ಆಫೀಸಿನ ಒಳಗಿನ ಫೋನ್ ಎಕ್ಸ್‌ಚೇಂಜ್) ಇದೆ, ಹೆಸರು ಇಲ್ಲಿ ಬೇಡ. ಬ್ಯಾಡಗಿಯಲ್ಲಿ ಸಣ್ಣ ಕಂಪ್ಯೂಟರಿಗೆ ಫ್ರೀಪಿಬಿಎಕ್ಸ್ ಅನ್ನುವ ಪಿಬಿಎಕ್ಸ್ ಸಾಫ್ಟ್‌ವೇರ್ ಹಾಕಿದ್ದೇವೆ. ಎರಡೂ ಕಡೆ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತಗೊಂಡಿದ್ದೇವೆ. ನಡುವೆ ಇಂಟರ್ನೆಟ್ ಮೇಲೆ ಸಿಪ್ ಟ್ರಂಕ್, ಅಂದರೆ ಎರಡೂ ಬಾಕ್ಸ್ ಜೋಡಿಸುವ ಫೋನ್ ಕೊಂಡಿ. ಬ್ಯಾಡಗಿಯ ಎಕ್ಸ್‌ಟೆನ್ಷನ್‌ಗಳು 2ರಿಂದ ಶುರು, ಹುಬ್ಬಳ್ಳಿಯವು 3ರಿಂದ. ಹಾಗಾಗಿ ನಂಬರ್ ಗೊಂದಲ ಇಲ್ಲ.

ತೊಂದರೆ ಇದು. ಹುಬ್ಬಳ್ಳಿಯಿಂದ ಬ್ಯಾಡಗಿಗೆ ಮಾಡಿದರೆ ರಿಂಗ್ ಆಗುತ್ತದೆ, ಅಲ್ಲಿ ಎತ್ತುತ್ತಾರೆ. ಬ್ಯಾಡಗಿಯವರ ಮಾತು ಹುಬ್ಬಳ್ಳಿಗೆ ಚೆನ್ನಾಗಿ ಕೇಳುತ್ತದೆ. ಹುಬ್ಬಳ್ಳಿಯವರ ದನಿ ಮಾತ್ರ ಬ್ಯಾಡಗಿಗೆ ಹೋಗುವುದೇ ಇಲ್ಲ. ಅರ್ಧ ನಿಮಿಷದ ಹೊತ್ತಿಗೆ ಕಾಲ್ ಕಟ್. ಟೆಂಡರ್ ನಡೆಯುವ ದಿನ ರೇಟು ಹೇಳಬೇಕಾದವರು ಕೊನೆಗೆ ತಮ್ಮ ಮೊಬೈಲನ್ನೇ ತೆಗೆಯುತ್ತಾರೆ.

ಹುಬ್ಬಳ್ಳಿ ಬಾಕ್ಸ್ ಹಾಕಿಕೊಟ್ಟವರು "ನಮ್ಮ ಕಡೆ ಸರಿ ಇದೆ, ಅಲ್ಲೂ ನಮ್ಮದೇ ಬಾಕ್ಸ್ ಹಾಕಿಸಿ" ಅನ್ನುತ್ತಾರೆ. ಎರಡರ ಬ್ರೋಷರಿನಲ್ಲೂ ಸಿಪ್ ಸಪೋರ್ಟ್ ಇದೆ ಅಂತಲೇ ಬರೆದಿದೆ. ಸಿಪ್ ಅಂದರೆ ಎಲ್ಲರಿಗೂ ಒಂದೇ ಸ್ಟ್ಯಾಂಡರ್ಡ್ ಅಲ್ವಾ? ಎಲ್ಲಿಂದ ಹುಡುಕಲಿ?

ಕ್ರೋನ್ ಟೂಲ್

ಕೋಡೆಕ್ (ದನಿಯನ್ನು ಅಂಕಿಗಳಾಗಿ ಮಾಡುವ ವಿಧಾನ) ನೋಡಿ ಸರ್. ಒಂದು ಕಡೆ ಜಿ.729, ಇನ್ನೊಂದು ಕಡೆ ಜಿ.711 ಇದ್ದರೆ ಹೀಗೇ ಆಗುತ್ತದೆ. ಎರಡೂ ಕಡೆ ಜಿ.711 ಎ-ಲಾ ಒಂದನ್ನೇ ಇಟ್ಟು ಉಳಿದದ್ದೆಲ್ಲ ತೆಗೆದುಬಿಡಿ.

ಪ್ಯಾಕೆಟ್ ಓದುವವ

ಕೋಡೆಕ್ ಒಂದೇ ಇಡುವುದು ಒಳ್ಳೆಯದೇ. ಆದರೆ ಇಲ್ಲಿ ರೋಗ ಅದಲ್ಲ ಅನ್ನಿಸುತ್ತದೆ. ಕೋಡೆಕ್ ಕೂಡದಿದ್ದರೆ ಸಾಮಾನ್ಯವಾಗಿ ಕಾಲ್ ಸೇರುವುದೇ ಇಲ್ಲ. ಎದುರಿನ ಬಾಕ್ಸ್ 488 (ಒಪ್ಪಲಾಗದು) ಅಂತ ಉತ್ತರ ಕೊಟ್ಟು ಮುಗಿಸುತ್ತದೆ. ಇವರಿಗೆ ಕಾಲ್ ಸೇರಿದೆ, ಒಂದು ಕಡೆಯ ದನಿಯೂ ಬಂದಿದೆ.

ಮೆಣಸಿನಕಾಯಿ ಸರ್, ಮೂರು ವಿಷಯ ನೋಡಿ ಹೇಳಿ. ಸೆಟ್ಟಿಂಗ್ ಏನನ್ನೂ ಮುಟ್ಟಬೇಡಿ. ಕಾಲ್ ಸರಿಯಾಗಿ ಎಷ್ಟನೇ ಸೆಕೆಂಡಿಗೆ ಕಟ್ ಆಗುತ್ತದೆ? ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮಾಡಿದಾಗಲೂ ಕಟ್ ಆಗುತ್ತದೆಯಾ? ಹಾಗೆ ಮಾಡಿದ ಕಾಲನ್ನು ಹುಬ್ಬಳ್ಳಿಯವರು ಇಟ್ಟರೆ ಬ್ಯಾಡಗಿಯ ಫೋನಿನಲ್ಲಿ ಏನಾಗುತ್ತದೆ?

ಕೆಂಪು ಮೆಣಸಿನಕಾಯಿ

ಗಡಿಯಾರ ಇಟ್ಟುಕೊಂಡು ನೋಡಿದೆವು. ಪ್ರತಿ ಸಲವೂ 32 ಸೆಕೆಂಡು. ಬ್ಯಾಡಗಿಯಿಂದ ಮಾಡಿದರೆ ಕಟ್ ಆಗಲ್ಲ. ಆದರೆ ಆಗಲೂ ಹುಬ್ಬಳ್ಳಿಯ ದನಿ ಬ್ಯಾಡಗಿಗೆ ಬರಲ್ಲ. ಹುಬ್ಬಳ್ಳಿಯವರು ಫೋನ್ ಇಟ್ಟ ಮೇಲೂ ಬ್ಯಾಡಗಿಯ ಫೋನಿನಲ್ಲಿ ಕಾಲ್ ನಡೆಯುತ್ತಿದೆ ಅಂತಲೇ ತೋರಿಸುತ್ತದೆ. ನಾವೇ ಇಡಬೇಕು.

ಪ್ಯಾಕೆಟ್ ಓದುವವ

ಹಾಗಿದ್ದರೆ ಬ್ಯಾಡಗಿಯ ಫ್ರೀಪಿಬಿಎಕ್ಸ್ ತನ್ನ ಒಳಗಿನ ಐಪಿಯನ್ನೇ ಹೊರಗೆ ಹೇಳುತ್ತಿದೆ. ನೀವು ಹೇಳಿದ ಎಲ್ಲ ಲಕ್ಷಣವೂ ಇದೊಂದರಿಂದಲೇ ಬರುತ್ತವೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೇರೆ ಬೇರೆ ಕಂಪನಿಯ ಬಾಕ್ಸ್ ಜೋಡಿಸುವವರಿಗೆ ಅತಿ ಜಾಸ್ತಿ ಎದುರಾಗುವುದು ಇದೇ.

ಸಿಪ್ ದನಿಯನ್ನು ಹೊರುವುದಿಲ್ಲ. ಅದು ಕಾಲ್ ಮಾಡಿಸುವ, ಮುಗಿಸುವ ಮಾತುಕತೆ ಅಷ್ಟೇ. ಹುಬ್ಬಳ್ಳಿಯ ಬಾಕ್ಸ್ ಇನ್ವೈಟ್ ಕಳಿಸುತ್ತದೆ. ಬ್ಯಾಡಗಿ 100 (ಪ್ರಯತ್ನಿಸುತ್ತಿದ್ದೇನೆ), 180 (ರಿಂಗ್ ಆಗುತ್ತಿದೆ) ಅಂತ ಉತ್ತರಿಸಿ, ಎತ್ತಿದಾಗ 200 ಓಕೆ ಕಳಿಸುತ್ತದೆ. ಅದಕ್ಕೆ ಹುಬ್ಬಳ್ಳಿ ಆ್ಯಕ್ (ತಲುಪಿತು ಅನ್ನುವ ಸಂದೇಶ) ಕಳಿಸಬೇಕು. ಆಗ ಕೈಕುಲುಕಿದ ಹಾಗೆ. ದನಿ ಬೇರೆ ದಾರಿಯಲ್ಲಿ, ಆರ್‌ಟಿಪಿಯಲ್ಲಿ ಹೋಗುತ್ತದೆ. ಆ ದನಿಯನ್ನು ಯಾವ ಐಪಿಗೆ, ಯಾವ ಪೋರ್ಟಿಗೆ ಕಳಿಸಬೇಕು ಅನ್ನುವುದು 200 ಓಕೆ ಒಳಗಿರುವ ಎಸ್‌ಡಿಪಿ ಭಾಗದಲ್ಲಿ ಬರೆದಿರುತ್ತದೆ. ಆ್ಯಕ್ ಎಲ್ಲಿಗೆ ಕಳಿಸಬೇಕು ಅನ್ನುವುದು ಕಾಂಟ್ಯಾಕ್ಟ್ ಸಾಲಿನಲ್ಲಿರುತ್ತದೆ.

ಈ ಎರಡೂ ಜಾಗದಲ್ಲಿ ಬ್ಯಾಡಗಿಯ ಬಾಕ್ಸ್ ತನ್ನ ಪಬ್ಲಿಕ್ ಐಪಿ ಬದಲು 192.168ರಿಂದ ಶುರುವಾಗುವ ಒಳಗಿನ ನಂಬರ್ ಬರೆದರೆ, ಹುಬ್ಬಳ್ಳಿ ದನಿಯನ್ನೂ ಆ್ಯಕ್ ಅನ್ನೂ ಅಲ್ಲಿಗೇ ಕಳಿಸುತ್ತದೆ. ಎರಡೂ ತಲುಪುವುದಿಲ್ಲ. ಆ್ಯಕ್ ಬರಲಿಲ್ಲ ಅಂತ ಬ್ಯಾಡಗಿ 200 ಓಕೆಯನ್ನು ಮತ್ತೆ ಮತ್ತೆ ಕಳಿಸಿ, ಕೊನೆಗೆ ಬೈ (ಕಾಲ್ ಮುಗಿಸುವ ಸಂದೇಶ) ಹೇಳುತ್ತದೆ. 2002ರ ಆರ್‌ಎಫ್‌ಸಿ 3261 ಅನ್ನುವ ಸಿಪ್ ನಿಯಮಪತ್ರದಲ್ಲಿ ಆ ಕಾಯುವ ಹೊತ್ತು ಅರ್ಧ ಸೆಕೆಂಡಿನ 64 ಪಟ್ಟು. ಅಂದರೆ 32 ಸೆಕೆಂಡು. ಯಾವ ಕಂಪನಿಯ ಬಾಕ್ಸ್ ಆದರೂ 32ಕ್ಕೆ ಕಟ್ ಆದರೆ ಮೊದಲು ಆ್ಯಕ್ ಎಲ್ಲಿ ಕಳೆಯಿತು ಅಂತ ನೋಡಿ.

ಬ್ಯಾಡಗಿಯಿಂದ ಮಾಡಿದಾಗ ಆ್ಯಕ್ ಕಳಿಸುವುದು ಬ್ಯಾಡಗಿಯೇ. ಹುಬ್ಬಳ್ಳಿಯ ಪಬ್ಲಿಕ್ ಐಪಿಗೆ ಅದು ತಲುಪುತ್ತದೆ, ಅದಕ್ಕೇ ಕಟ್ ಆಗಲ್ಲ. ಆದರೆ ಹುಬ್ಬಳ್ಳಿಯವರು ಇಟ್ಟಾಗ ಹೊರಡುವ ಬೈ ಮತ್ತೆ ಒಳಗಿನ ಐಪಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಬ್ಯಾಡಗಿಯ ಫೋನಿನಲ್ಲಿ ಕಾಲ್ ಮುಗಿಯುವುದಿಲ್ಲ.

ಇದನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಬ್ಯಾಡಗಿಯ ಸರ್ವರಿನಲ್ಲಿ ಎಸ್‌ಎನ್‌ಗ್ರೆಪ್ (ಸಿಪ್ ಸಂದೇಶ ತೋರಿಸುವ ಸಾಧನ) ಓಡಿಸಿ, ಒಂದು ಕಾಲ್ ಹಿಡಿದು, 200 ಓಕೆ ತೆರೆದು ಕಾಂಟ್ಯಾಕ್ಟ್ ಸಾಲು ಮತ್ತು ಎಸ್‌ಡಿಪಿಯ ಕನೆಕ್ಷನ್ ಸಾಲು ಓದಿ. ಹುಬ್ಬಳ್ಳಿ ಬಾಕ್ಸಿನಲ್ಲಿ ಟ್ರೇಸ್ (ಹೋದ, ಬಂದ ಸಂದೇಶಗಳ ದಾಖಲೆ) ಡೌನ್‌ಲೋಡ್ ಮಾಡುವ ಸೌಲಭ್ಯ ಇದ್ದರೆ ಅದೇ ಹೊತ್ತಿನ ಟ್ರೇಸ್ ತೆಗೆದು ವೈರ್‌ಶಾರ್ಕ್‌ನಲ್ಲಿ ನೋಡಿ. ಎರಡೂ ಕಡೆಯದು ಬೇಕು. ಒಂದೇ ಕಡೆಯ ಟ್ರೇಸ್ ಹಿಡಿದುಕೊಂಡರೆ ಎರಡು ಕಂಪನಿಯವರೂ ಒಬ್ಬರ ಮೇಲೊಬ್ಬರು ಹಾಕುತ್ತಾ ಕೂರುತ್ತಾರೆ.

ಕೆಂಪು ಮೆಣಸಿನಕಾಯಿ

ನೋಡಿದೆ. ಕಾಂಟ್ಯಾಕ್ಟ್ ಸಾಲಿನಲ್ಲೂ ಎಸ್‌ಡಿಪಿಯಲ್ಲೂ 192.168.1.50 ಅಂತ ಇದೆ. ಕೆಳಗೆ ಅದೇ 200 ಓಕೆ ಸಾಲುಸಾಲಾಗಿ ಮತ್ತೆ ಮತ್ತೆ ಹೋಗಿದೆ. ಮೊದಲು ಬೇಗ ಬೇಗ, ಆಮೇಲೆ ನಾಲ್ಕು ನಾಲ್ಕು ಸೆಕೆಂಡಿಗೆ. ಕೊನೆಗೆ ಬೈ.

ಇನ್ನೊಂದು ವಿಷಯ. ಹುಬ್ಬಳ್ಳಿ ಆಫೀಸಿನ ಒಳಗಿನ ನೆಟ್‌ವರ್ಕ್ ಕೂಡ 192.168.1ರದ್ದೇ. ಅಲ್ಲಿ 50ನೇ ನಂಬರಿನಲ್ಲಿ ಅಕೌಂಟ್ಸ್ ವಿಭಾಗದ ಪ್ರಿಂಟರ್ ಇದೆ. ಅಂದರೆ ಹುಬ್ಬಳ್ಳಿಯವರ ದನಿ ಹೊರಗೇ ಹೋಗದೆ ಪ್ರಿಂಟರಿಗೆ ಹೋಗುತ್ತಿತ್ತಾ?

ಪ್ಯಾಕೆಟ್ ಓದುವವ

ಹೌದು, ಅಲ್ಲಿಗೇ ಹೋಗಿದೆ. ಪ್ರಿಂಟರಿಗೆ ಅದು ಏನೂ ಅಲ್ಲ, ಸುಮ್ನೆ ಬಿಸಾಕಿದೆ.

ಈಗ ಫ್ರೀಪಿಬಿಎಕ್ಸ್‌ನ ಆಸ್ಟರಿಸ್ಕ್ ಸಿಪ್ ಸೆಟ್ಟಿಂಗ್ಸ್ ತೆರೆಯಿರಿ (ಆಸ್ಟರಿಸ್ಕ್ ಅಂದರೆ ಅದರೊಳಗೆ ಓಡುವ ಮುಖ್ಯ ಸಾಫ್ಟ್‌ವೇರ್). ಎಕ್ಸ್‌ಟರ್ನಲ್ ಅಡ್ರೆಸ್ ಜಾಗದಲ್ಲಿ ಬ್ಯಾಡಗಿಯ ಪಬ್ಲಿಕ್ ಐಪಿ ಇರಬೇಕು. ಲೋಕಲ್ ನೆಟ್‌ವರ್ಕ್ಸ್ ಜಾಗದಲ್ಲಿ ಬ್ಯಾಡಗಿಯ ಒಳಗಿನ ನೆಟ್‌ವರ್ಕ್ ಇರಬೇಕು. ಸೇವ್ ಮಾಡಿದರೆ ಸಾಲದು, ಆಸ್ಟರಿಸ್ಕನ್ನು ರೀಸ್ಟಾರ್ಟ್ ಮಾಡಬೇಕು. ರೂಟರಿನಲ್ಲಿ ಸಿಪ್ ಪೋರ್ಟ್ ಜೊತೆಗೆ ದನಿಯ ಪೋರ್ಟುಗಳೂ ಒಳಗೆ ಬರಬೇಕು. ಆಸ್ಟರಿಸ್ಕ್‌ನಲ್ಲಿ ಅವು ಸಾಮಾನ್ಯವಾಗಿ ಯುಡಿಪಿ 10000ದಿಂದ 20000ದವರೆಗೆ.

ರೂಟರಿನಲ್ಲಿ ಸಿಪ್ ಎಎಲ್‌ಜಿ ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಆಫ್ ಮಾಡಿ. ನ್ಯಾಟ್ (ರೂಟರ್ ಒಳಗಿನ ಐಪಿಯನ್ನು ಹೊರಗಿನ ಐಪಿಗೆ ಬದಲಿಸುವುದು) ತೊಂದರೆ ಸರಿಪಡಿಸಲಿ ಅಂತಲೇ ಅದನ್ನು ಇಟ್ಟಿದ್ದಾರೆ. ಆದರೆ ಪಿಬಿಎಕ್ಸ್ ತಾನೇ ಸರಿಯಾದ ವಿಳಾಸ ಬರೆದ ಮೇಲೆ, ನಡುವೆ ರೂಟರ್ ಕೈ ಹಾಕಿ ಸಂದೇಶವನ್ನು ತಿದ್ದಿದರೆ ಕೆಡುವುದೇ ಜಾಸ್ತಿ.

ಮಲ್ಲೇಶ್ವರಂ ಎನ್‌ಒಸಿ

ಇಲ್ಲಿ ನನ್ನ ಮಾತು ಸ್ವಲ್ಪ ಖಡಕ್ಕಾಗಿಯೇ ಇರಲಿ. ಎರಡು ಆಫೀಸಿನ ನಡುವಿನ ಟ್ರಂಕನ್ನು ಬರೀ ಇಂಟರ್ನೆಟ್ ಮೇಲೆ ಬಿಟ್ಟು, ಸಿಪ್ಪಿನ 5060 ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡಬೇಡಿ. ಆ ಪೋರ್ಟನ್ನು ಹುಡುಕುವ ಸ್ಕ್ಯಾನರ್‌ಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ದುರ್ಬಲ ಪಾಸ್‌ವರ್ಡ್ ಇರುವ ಎಕ್ಸ್‌ಟೆನ್ಷನ್ ಸಿಕ್ಕರೆ ರಾತ್ರೋರಾತ್ರಿ ನಿಮ್ಮ ಲೈನಿನಿಂದ ವಿದೇಶಕ್ಕೆ ಕಾಲ್ ಹೋಗುತ್ತವೆ, ಬಿಲ್ ನಿಮಗೆ ಬರುತ್ತದೆ. ಫೈರ್‌ವಾಲಿನಲ್ಲಿ ಹುಬ್ಬಳ್ಳಿಯ ಐಪಿ ಒಂದಕ್ಕೇ ಅನುಮತಿ ಕೊಡಿ. ಫ್ರೀಪಿಬಿಎಕ್ಸ್‌ನಲ್ಲಿ ಅನಾನಿಮಸ್ ಕಾಲ್ ಮತ್ತು ಗೆಸ್ಟ್ ಕಾಲ್ ಎರಡನ್ನೂ ಬೇಡ ಅನ್ನಿ.

ಅದಕ್ಕಿಂತ ಒಳ್ಳೆಯದು ಸೈಟ್ ಟು ಸೈಟ್ ವಿಪಿಎನ್, ಅಂದರೆ ಎರಡು ಆಫೀಸಿನ ನೆಟ್‌ವರ್ಕ್ ಜೋಡಿಸುವ ಖಾಸಗಿ ಸುರಂಗ. ಐಪಿಸೆಕ್ ಆಗಲಿ, ವೈರ್‌ಗಾರ್ಡ್ ಆಗಲಿ, ನಿಮ್ಮ ರೂಟರ್ ಯಾವುದನ್ನು ಮಾಡುತ್ತದೋ ಅದು. ವಿಪಿಎನ್ ಒಳಗೆ ನ್ಯಾಟ್ ಇರುವುದಿಲ್ಲ. ಆಗ ಈ ಒಳಗಿನ ಐಪಿ, ಹೊರಗಿನ ಐಪಿ ರಗಳೆಯೇ ಇಲ್ಲ. ಸಿಪ್ಪನ್ನು ಟಿಎಲ್‌ಎಸ್‌ನಲ್ಲಿ, ದನಿಯನ್ನು ಎಸ್‌ಆರ್‌ಟಿಪಿಯಲ್ಲಿ ಗೂಢಲಿಪಿಯಾಗಿ ಮುಚ್ಚುವುದೂ ಸರಿಯಾದ ದಾರಿಯೇ. ಆದರೆ ಎರಡು ಕಂಪನಿಯ ಬಾಕ್ಸ್ ನಡುವೆ ಸರ್ಟಿಫಿಕೇಟ್, ಕೀ ಹಂಚಿಕೊಳ್ಳುವ ರೀತಿ ಎಲ್ಲ ಹೊಂದಿಸಬೇಕು. ನಿಮ್ಮಂಥ ಎರಡೇ ಜಾಗದ ಕೆಲಸಕ್ಕೆ ವಿಪಿಎನ್ ಸುಲಭ.

ಒಂದು ಎಚ್ಚರ. ಎರಡೂ ಕಡೆ 192.168.1 ಇದ್ದರೆ ವಿಪಿಎನ್ ನಡೆಯುವುದಿಲ್ಲ. ಪ್ಯಾಕೆಟ್ ಯಾವ ಕಡೆಗೆ ಹೋಗಬೇಕು ಅಂತ ರೂಟರಿಗೆ ಗೊತ್ತಾಗಲ್ಲ. ಬ್ಯಾಡಗಿಯದನ್ನು 192.168.20ಕ್ಕೆ ಬದಲಿಸಿ. ಆಮೇಲೆ ಫ್ರೀಪಿಬಿಎಕ್ಸ್‌ನ ಲೋಕಲ್ ನೆಟ್‌ವರ್ಕ್ಸ್‌ಗೆ ಹುಬ್ಬಳ್ಳಿಯ ಒಳ ನೆಟ್‌ವರ್ಕನ್ನೂ ಸೇರಿಸಿ. ಸೇರಿಸದಿದ್ದರೆ ಫ್ರೀಪಿಬಿಎಕ್ಸ್ ಹುಬ್ಬಳ್ಳಿಯನ್ನು ಹೊರಗಿನದು ಅಂತ ತಿಳಿದು ವಿಪಿಎನ್ ಒಳಗೂ ಪಬ್ಲಿಕ್ ಐಪಿಯನ್ನೇ ಹೇಳುತ್ತದೆ. ಮತ್ತೆ ಒಂದೇ ಕಡೆ ದನಿ.

ಶಿವಮೊಗ್ಗ ಲೈನ್

ನಡುವೆ ಒಂದು ಪ್ರಶ್ನೆ. ನಮ್ಮ ಬ್ರಾಂಚಿನಲ್ಲಿ ಸ್ಟ್ಯಾಟಿಕ್ ಐಪಿ ಇಲ್ಲ. ರೂಟರಿನ ವ್ಯಾನ್ (ಹೊರಗಿನ ಕಡೆಯ) ಐಪಿ 100.72 ಅಂತ ಶುರುವಾಗುತ್ತದೆ. ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿಂದ ಏನೂ ಬರಲ್ಲ.

ಮಲ್ಲೇಶ್ವರಂ ಎನ್‌ಒಸಿ

ಅದು ಸಿಜಿನ್ಯಾಟ್. 100.64ರಿಂದ 100.127ರವರೆಗಿನ ನಂಬರುಗಳು ಇಂಟರ್ನೆಟ್ ಕೊಡುವವರ ಒಳಗಿನವು. ಒಂದೇ ಪಬ್ಲಿಕ್ ಐಪಿಯನ್ನು ಅವರು ಎಷ್ಟೋ ಮನೆಗೆ ಹಂಚಿರುತ್ತಾರೆ. ನಿಮ್ಮ ರೂಟರಿನಲ್ಲಿ ಏನು ಫಾರ್ವರ್ಡ್ ಮಾಡಿದರೂ ಅವರ ರೂಟರ್ ದಾಟಿ ಬರಲ್ಲ. ಬ್ರಾಂಚ್ ಕಡೆಯಿಂದ ಮುಖ್ಯ ಆಫೀಸಿಗೆ ವಿಪಿಎನ್ ಹೊರಡಿಸಿ, ಸಂಪರ್ಕ ಜೀವಂತವಾಗಿರಲು ಕೀಪ್ ಅಲೈವ್ ಹಾಕಿ. ವೈರ್‌ಗಾರ್ಡಿಗೆ 25 ಸೆಕೆಂಡು ಸಾಕು. ಮುಖ್ಯ ಆಫೀಸಿಗೆ ಸ್ಟ್ಯಾಟಿಕ್ ಐಪಿ ಇದ್ದರೆ ಸಾಲುತ್ತದೆ.

ಕೆಂಪು ಮೆಣಸಿನಕಾಯಿ

ಎಕ್ಸ್‌ಟರ್ನಲ್ ಅಡ್ರೆಸ್ ಜಾಗ ಖಾಲಿ ಇತ್ತು. ತುಂಬಿದ ಕೂಡಲೇ ಎರಡೂ ಕಡೆ ದನಿ ಬಂತು, 32 ಸೆಕೆಂಡಿನ ಕಟ್ ಹೋಯಿತು. ಮಲ್ಲೇಶ್ವರಂ ಮೇಡಂ ಹೇಳಿದ ಹಾಗೆ ಬ್ಯಾಡಗಿಯ ನೆಟ್‌ವರ್ಕ್ ಬದಲಿಸಿ ವಿಪಿಎನ್‌ಗೂ ಹಾಕಿದೆವು. ಹೊರಗೆ ತೆರೆದಿದ್ದ ಪೋರ್ಟುಗಳನ್ನೆಲ್ಲ ಮುಚ್ಚಿದ್ದೇವೆ. ತುಂಬಾ ಉಪಕಾರ ಆಯಿತು.

ಈಗ ಉಳಿದದ್ದು ಎರಡು. ಬ್ಯಾಡಗಿಯಿಂದ ಹುಬ್ಬಳ್ಳಿಯ ಐವಿಆರ್‌ಗೆ (ತಾನಾಗಿ ಉತ್ತರಿಸುವ ಮೆನುವಿಗೆ) ಮಾಡಿ "ಅಕೌಂಟ್ಸ್‌ಗೆ 2 ಒತ್ತಿ" ಅಂದಾಗ ಒತ್ತಿದರೆ ಅದಕ್ಕೆ ಗೊತ್ತೇ ಆಗಲ್ಲ. ಎರಡನೆಯದು, ಉದ್ದ ಮಾತಾಡಿದರೆ ಕಾಲು ಗಂಟೆಗೆ ಕಟ್ ಆಗುತ್ತದೆ.

ಕ್ರೋನ್ ಟೂಲ್

ಒತ್ತಿದ ಅಂಕಿಯದ್ದು ನಾನು ಹೇಳುತ್ತೇನೆ, ದಿನವೂ ನೋಡುವ ಕೆಲಸ ಇದು. ಅಂಕಿ ಕಳಿಸಲು ಮೂರು ದಾರಿ ಇವೆ. ದನಿಯ ಒಳಗೇ ಕುಂಯ್ ಅನ್ನುವ ಟೋನ್ ಆಗಿ ಹೋಗುವುದು ಇನ್‌ಬ್ಯಾಂಡ್. ಆರ್‌ಟಿಪಿಯಲ್ಲೇ ಬೇರೆ ಗುರುತಿನ ಪ್ಯಾಕೆಟ್ ಆಗಿ ಹೋಗುವುದು ಆರ್‌ಎಫ್‌ಸಿ 4733. ಬಾಕ್ಸುಗಳ ಮೆನುವಿನಲ್ಲಿ ಇನ್ನೂ ಅದರ ಹಳೇ ನಂಬರ್ 2833 ಅಂತಲೇ ಇರುತ್ತದೆ, ಎರಡೂ ಒಂದೇ ಅಂದುಕೊಳ್ಳಿ. ಮೂರನೆಯದು ಸಿಪ್ ಇನ್ಫೋ, ಅದು ಸಿಪ್ ಸಂದೇಶವಾಗಿ ಹೋಗುತ್ತದೆ. ಒಬ್ಬರು ಒಂದರಲ್ಲಿ ಕಳಿಸಿ ಇನ್ನೊಬ್ಬರು ಇನ್ನೊಂದರಲ್ಲಿ ಕಾಯುತ್ತಿದ್ದರೆ ಅಂಕಿ ಕಳೆದುಹೋಗುತ್ತದೆ.

ಎರಡೂ ಕಡೆ 4733 ಇಡಿ. ಆಮೇಲೆ ಎರಡೂ ಕಡೆಯ ಎಸ್‌ಡಿಪಿಯಲ್ಲಿ ಟೆಲಿಫೋನ್ ಇವೆಂಟ್ ಅನ್ನುವ ಸಾಲು ಇದೆಯಾ ನೋಡಿ. ಅದರ ಪಕ್ಕ 101 ಅಂತ ನಂಬರ್ ಇರುತ್ತದೆ, ಕೆಲವು ಬಾಕ್ಸಿನಲ್ಲಿ 96ರಿಂದ 127ರೊಳಗಿನ ಬೇರೆ ಯಾವುದೋ ಇರುತ್ತದೆ. ನಿಯಮದ ಪ್ರಕಾರ ಬೇರೆ ಇದ್ದರೂ ನಡೆಯಬೇಕು. ಆದರೂ ಹಳೇ ಫರ್ಮ್‌ವೇರ್ ಇದ್ದರೆ ಎರಡೂ ಕಡೆ 101 ಮಾಡಿಬಿಡಿ, ನೆಮ್ಮದಿ. ಇನ್‌ಬ್ಯಾಂಡ್ ಅಂತೂ ಜಿ.729 ಜೊತೆ ಬೇಡವೇ ಬೇಡ. ಮನುಷ್ಯರ ದನಿಗೆ ಮಾಡಿದ ಕಂಪ್ರೆಷನ್ ಅದು, ಟೋನಿನ ಆಕಾರ ಕೆಡುತ್ತದೆ.

ಪ್ಯಾಕೆಟ್ ಓದುವವ

ಕಾಲು ಗಂಟೆಯದ್ದು ಸೆಷನ್ ಟೈಮರ್ ಇರಬೇಕು. ಕಾಲ್ ಇನ್ನೂ ಇದೆಯಾ ಅಂತ ಒಬ್ಬರು ಆಗಾಗ ರೀ-ಇನ್ವೈಟ್ ಅಥವಾ ಅಪ್‌ಡೇಟ್ ಕಳಿಸಿ ವಿಚಾರಿಸುವ ವ್ಯವಸ್ಥೆ ಅದು, ಆರ್‌ಎಫ್‌ಸಿ 4028ರಲ್ಲಿ ಬರುತ್ತದೆ. ಸಾಮಾನ್ಯ ಅವಧಿ 1800 ಸೆಕೆಂಡು. ಅದರ ಅರ್ಧಕ್ಕೆ, ಅಂದರೆ 900ಕ್ಕೆ ವಿಚಾರಣೆ ಹೋಗುತ್ತದೆ. ಸರಿಯಾಗಿ 15 ನಿಮಿಷ. ಆ ಸಂದೇಶಕ್ಕೆ ಎದುರಿನವರು ಉತ್ತರ ಕೊಡದಿದ್ದರೆ ಕಾಲ್ ಬೀಳುತ್ತದೆ. ಅರ್ಧ ಗಂಟೆಗೆ ಸ್ವಲ್ಪ ಮುಂಚೆ ಬೀಳುತ್ತಿದ್ದರೆ ವಿಚಾರಣೆಯೇ ಹೋಗಿಲ್ಲ ಅಂತ ಅರ್ಥ.

900ನೇ ಸೆಕೆಂಡಿನ ಹತ್ತಿರ ಏನು ಹೋಯಿತು, ಏನು ಬಂತು, ಟ್ರೇಸಿನಲ್ಲಿ ನೋಡಿ ಹಾಕಿ.

ಕೆಂಪು ಮೆಣಸಿನಕಾಯಿ

ಅಂಕಿ ಸರಿಯಾಯಿತು. ಹುಬ್ಬಳ್ಳಿ ಕಡೆ ಇನ್‌ಬ್ಯಾಂಡ್ ಇತ್ತು, ಬದಲಿಸಿದೆವು.

900ಕ್ಕೆ ಹುಬ್ಬಳ್ಳಿಯಿಂದ ರೀ-ಇನ್ವೈಟ್ ಬಂದಿದೆ. ಅದರಲ್ಲಿ ಜಿ.729 ಮಾತ್ರ ಇದೆ. ಬ್ಯಾಡಗಿ 488 ಕೊಟ್ಟಿದೆ. ಕೂಡಲೇ ಹುಬ್ಬಳ್ಳಿ ಬೈ ಕಳಿಸಿದೆ. ಆದರೆ ಕಾಲ್ ಶುರುವಾದದ್ದು ಜಿ.711ರಲ್ಲಿ!

ಪ್ಯಾಕೆಟ್ ಓದುವವ

ಕ್ರೋನ್ ಟೂಲ್ ಮೊದಲೇ ಹೇಳಿದ ಔಷಧಿ ಇಲ್ಲಿಗೆ ಸರಿಯಾಗಿ ಬಂತು ನೋಡಿ. ಹುಬ್ಬಳ್ಳಿಯ ಟ್ರಂಕ್ ಪಟ್ಟಿಯಿಂದ ಜಿ.729 ಪೂರ್ತಿ ತೆಗೆಯಿರಿ. ಎ-ಲಾ ಒಂದೇ ಇರಲಿ. ಈ ಟ್ರೇಸನ್ನು ಬಾಕ್ಸ್ ಹಾಕಿಕೊಟ್ಟವರಿಗೂ ಕಳಿಸಿ. ನಡೆಯುತ್ತಿರುವ ಕಾಲಿನ ಮಧ್ಯೆ ಬೇರೆ ಕೋಡೆಕ್ ಒಂದನ್ನೇ ಮುಂದಿಡುವುದಕ್ಕೆ ಅವರು ಕಾರಣ ಹೇಳಬೇಕು. ಕೈಯಲ್ಲಿ ಇಂಥ ಸಾಲು ಇದ್ದರೆ "ನಮ್ಮ ಕಡೆ ಸರಿ ಇದೆ" ಅನ್ನುವ ಮಾತಿಗೆ ಜಾಗ ಇರಲ್ಲ.

ಬ್ಯಾಂಡ್‌ವಿಡ್ತ್ ಚಿಂತೆ ಬೇಡ. ಜಿ.711ರ ದನಿ 64 ಕೆಬಿಪಿಎಸ್, ಹೆಡರ್ ಎಲ್ಲ ಸೇರಿ ಈಥರ್ನೆಟ್ಟಿನಲ್ಲಿ ಒಂದು ದಿಕ್ಕಿಗೆ 87ರ ಹತ್ತಿರ. ವಿಪಿಎನ್‌ನಿಂದ ಇನ್ನು ಸ್ವಲ್ಪ ಏರುತ್ತದೆ. ಹತ್ತು ಕಾಲ್ ಒಟ್ಟಿಗೆ ನಡೆದರೂ ಒಂದು ಎಂಬಿಪಿಎಸ್ ಆಸುಪಾಸು. ಅಪ್‌ಲೋಡ್ ವೇಗ ನೋಡಿಕೊಳ್ಳಿ, ಸಿಸಿಟಿವಿ ಅದೇ ಲೈನಿನಲ್ಲಿ ಹೋಗುತ್ತಿದ್ದರೆ ದನಿಗೆ ಮೊದಲ ಸ್ಥಾನ ಕೊಡಿ.

ಜರ್ಸಿ ಕನ್ನಡತಿ

ಎ-ಲಾ ಬಗ್ಗೆ ಒಂದು ಸೇರಿಸಲಾ? ನಾನು ನ್ಯೂಜೆರ್ಸಿಯಲ್ಲಿ ಇದೇ ಕೆಲಸ ಮಾಡುತ್ತೇನೆ, ನಮ್ಮ ಕಂಪನಿಯ ಇನ್ನೊಂದು ಆಫೀಸು ಮೈಸೂರಿನಲ್ಲಿದೆ. ಅಮೆರಿಕ, ಜಪಾನಿನಲ್ಲಿ ಜಿ.711ರ ಮ್ಯೂ-ಲಾ, ಭಾರತ, ಯುರೋಪಿನಲ್ಲಿ ಎ-ಲಾ. ಎರಡನ್ನೂ ಬರೀ ಜಿ.711 ಅಂತ ಬರೆದುಕೊಂಡು ಸೆಟ್ ಮಾಡಿದರೆ ಎಡವಟ್ಟು. ಎಸ್‌ಡಿಪಿಯಲ್ಲಿ ಮ್ಯೂ-ಲಾಗೆ 0, ಎ-ಲಾಗೆ 8 ಅಂತ ಇರುತ್ತದೆ. ದೇಶ ದಾಟುವ ಕಾಲಿನಲ್ಲಿ ಬದಲಿಸಿಕೊಳ್ಳುವ ಹೊಣೆ ಮ್ಯೂ-ಲಾ ದೇಶದ್ದು ಅಂತ ಜಿ.711ರಲ್ಲೇ ಇದೆ. ಹಾಗಾಗಿ ಮೈಸೂರಿನ ಟ್ರಂಕಿಗೆ ನಾವೇ ಇಲ್ಲಿಂದ ಎ-ಲಾ ಕೊಡುತ್ತೇವೆ.

ಟ್ರಾನ್ಸ್‌ಫರ್ ಕೂಡ ಪರೀಕ್ಷಿಸಿ ನೋಡಿ. ಸಿಪ್ ರೆಫರ್ ಬಳಸಿ ಎದುರಿನ ಬಾಕ್ಸಿಗೇ ಕಾಲ್ ವರ್ಗಾಯಿಸಲು ಹೋದರೆ, ಕಂಪನಿ ಬೇರೆಯಾದಾಗ ಬಹಳ ಸಲ ಕಾಲ್ ನಡುವೆಯೇ ನಿಲ್ಲುತ್ತದೆ. ಟ್ರಂಕಿನಲ್ಲಿ ರೆಫರ್ ಆಫ್ ಮಾಡಿ, ವರ್ಗಾಯಿಸುವ ಬಾಕ್ಸೇ ಎರಡೂ ಕಾಲನ್ನು ಹಿಡಿದು ಜೋಡಿಸಲಿ. ಎರಡು ಚಾನೆಲ್ ಖರ್ಚಾಗುತ್ತದೆ, ಆದರೆ ಕಾಲ್ ಬೀಳಲ್ಲ.

ಕ್ರೋನ್ ಟೂಲ್

ಚಾನೆಲ್ ಅಂದ ಕೂಡಲೇ ನೆನಪಾಯಿತು. ದೊಡ್ಡ ಕಂಪನಿಗಳ ಬಾಕ್ಸಿನಲ್ಲಿ ಸಿಪ್ ಟ್ರಂಕಿಗೆ ಚಾನೆಲ್ ಲೆಕ್ಕದಲ್ಲಿ ಲೈಸೆನ್ಸ್ ಇರುತ್ತದೆ. ನಾಲ್ಕು ತಗೊಂಡಿದ್ದರೆ ಐದನೇ ಕಾಲ್ ಹೋಗಲ್ಲ. ಕೊಳ್ಳುವ ಮೊದಲೇ ಇದನ್ನು ಕೇಳಿ. ಕೊಟೇಶನ್ನಿನಲ್ಲಿ ಬರೀ "ಸಿಪ್ ಸಪೋರ್ಟ್" ಅಂತ ಇದ್ದರೆ ಒಪ್ಪಬೇಡಿ. ಎಷ್ಟು ಚಾನೆಲ್, ಯಾವ ಕೋಡೆಕ್, ಅಂಕಿಗೆ 4733 ಇದೆಯಾ, ಕಾಲರ್ ಐಡಿ ಯಾವ ಹೆಡರಿನಲ್ಲಿ, ಟ್ರೇಸ್ ತೆಗೆಯಲು ನಮಗೆ ಬಿಡುತ್ತಾರಾ, ಇಷ್ಟನ್ನು ಬರೆಸಿಕೊಳ್ಳಿ.

ಮಲ್ಲೇಶ್ವರಂ ಎನ್‌ಒಸಿ

ಕಾನೂನಿನದ್ದೂ ಹೇಳಿಬಿಡುತ್ತೇನೆ. ಒಂದೇ ಕಂಪನಿಯ ಎರಡು ಆಫೀಸು ಒಳಗೊಳಗೆ ಮಾತಾಡಿಕೊಳ್ಳುವುದು ಬೇರೆ. ಬ್ಯಾಡಗಿಯಿಂದ ಟ್ರಂಕ್ ಮೇಲೆ ಬಂದ ಕಾಲನ್ನು ಹುಬ್ಬಳ್ಳಿಯ ಪಿಆರ್‌ಐ (ಟೆಲಿಕಾಂ ಕಂಪನಿ ಕೊಡುವ, ಹಲವು ಕಾಲ್ ಹೊರುವ) ಲೈನಿಗೆ ಹಾರಿಸಿ ಹೊರಗಿನ ನಂಬರಿಗೆ ಕಳಿಸುವುದು ಬೇರೆ. ಅದು ಟೋಲ್ ಬೈಪಾಸ್ (ಟೆಲಿಕಾಂ ಕಂಪನಿಯ ಶುಲ್ಕ ತಪ್ಪಿಸುವುದು) ಅನ್ನಿಸಿಕೊಳ್ಳುತ್ತದೆ. 2021ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್‌ನಂಥ ಸೇವೆಗಳ ನಿಯಮ ಸಾಕಷ್ಟು ಸಡಿಲಿಸಿತು. ಆದರೆ ಅದು ಟೋಲ್ ಬೈಪಾಸಿಗೆ ಕೊಟ್ಟ ಅನುಮತಿ ಅಲ್ಲ. ಟ್ರಂಕಿನಿಂದ ಬಂದ ಕಾಲಿಗೆ ಹುಬ್ಬಳ್ಳಿಯ ಎಕ್ಸ್‌ಟೆನ್ಷನ್‌ಗಳು ಮಾತ್ರ ಸಿಗುವಂತೆ ರೂಟ್ ಕಟ್ಟಿ. ಬೇರೆ ಏನಾದರೂ ಬೇಕಿದ್ದರೆ ಲೈನ್ ಕೊಟ್ಟವರಿಂದ ಬರಹದಲ್ಲಿ ತಗೊಳ್ಳಿ.

ಶಿವಮೊಗ್ಗ ಲೈನ್

ನಮ್ಮ ಮುಖ್ಯ ಆಫೀಸಿನಲ್ಲಿ ಇರುವುದು ಹಳೇ ಇಪಿಎಬಿಎಕ್ಸ್ (ತಂತಿ ಫೋನುಗಳ ಪಿಬಿಎಕ್ಸ್). ಸಿಪ್ ಅನ್ನುವುದೇ ಇಲ್ಲ. ಕಾರ್ಡುಗಳು ಚೆನ್ನಾಗಿವೆ, ಬದಲಿಸಲು ಮಾಲೀಕರಿಗೆ ಮನಸ್ಸಿಲ್ಲ. ಏನಾದರೂ ದಾರಿ ಇದೆಯಾ?

ಕ್ರೋನ್ ಟೂಲ್

ಇದೆ ಅಣ್ಣ. ಅದರಲ್ಲಿ ಪಿಆರ್‌ಐ ಕಾರ್ಡಿಗೆ ಖಾಲಿ ಸ್ಲಾಟ್ ಇದ್ದರೆ ಇ1 ಗೇಟ್‌ವೇ ಹಾಕಿ. ಒಂದು ಕಡೆ ಪಿಆರ್‌ಐ, ಇನ್ನೊಂದು ಕಡೆ ಸಿಪ್, ಒಟ್ಟಿಗೆ 30 ಕಾಲ್. ಯಾರು ಮಾಡಿದರು, ಯಾವಾಗ ಇಟ್ಟರು ಎಲ್ಲ ಸ್ಪಷ್ಟವಾಗಿ ಹೋಗುತ್ತದೆ.

ಸ್ಲಾಟ್ ಇಲ್ಲದಿದ್ದರೆ ಎಫ್‌ಎಕ್ಸ್‌ಓ ಗೇಟ್‌ವೇ. ಇಪಿಎಬಿಎಕ್ಸ್‌ನ ಎಕ್ಸ್‌ಟೆನ್ಷನ್ ಜೋಡಿ ತಂತಿಯನ್ನು ಅದಕ್ಕೆ ಕೊಡುವುದು. ಕಡಿಮೆ ಖರ್ಚು. ತೊಂದರೆ ಒಂದೇ: ಎದುರಿನವರು ಇಟ್ಟದ್ದು ಗೇಟ್‌ವೇಗೆ ಬಿಜಿ ಟೋನ್ ಕೇಳಿಯೇ ಗೊತ್ತಾಗಬೇಕು. ಎಷ್ಟೋ ಗೇಟ್‌ವೇಗಳಲ್ಲಿ ಮೊದಲಿಂದ ಇರುವುದು ಅಮೆರಿಕದ ಟೋನ್, 480 ಮತ್ತು 620 ಹರ್ಟ್ಸ್ ಸೇರಿದ್ದು. ನಿಮ್ಮ ಬಾಕ್ಸಿನ ಟೋನ್ ಬೇರೆ ಇರುತ್ತದೆ. ಹಾಗೇ ಬಿಟ್ಟರೆ ಲೈನ್ ಎಂಗೇಜ್ ಆಗಿಯೇ ಉಳಿಯುತ್ತದೆ. ಒಂದು ಎಕ್ಸ್‌ಟೆನ್ಷನ್‌ನಿಂದ ಬಿಜಿ ಟೋನ್ ರೆಕಾರ್ಡ್ ಮಾಡಿ, ಅದರ ಹರ್ಟ್ಸ್ ಎಷ್ಟು, ಎಷ್ಟು ಹೊತ್ತು ಬಡಿಯುತ್ತದೆ, ಎಷ್ಟು ಹೊತ್ತು ಬಿಡುತ್ತದೆ ಅಳೆದು ಗೇಟ್‌ವೇಯಲ್ಲಿ ಹಾಕಿ. ಬಾಕ್ಸಿನ ಮಾಡೆಲ್ ನಂಬರ್ ಹೇಳಿ, ಪಿಆರ್‌ಐ ಕಾರ್ಡ್ ಹಿಡಿಯುತ್ತದೆಯಾ ನೋಡುತ್ತೇನೆ.

ಕೆಂಪು ಮೆಣಸಿನಕಾಯಿ

ಜಿ.729 ತೆಗೆದ ಮೇಲೆ ಒಂದು ಗಂಟೆಗಿಂತ ಉದ್ದದ ಕಾಲ್ ಮಾಡಿ ನೋಡಿದೆವು, ಬೀಳಲಿಲ್ಲ. 900ಕ್ಕೆ ರೀ-ಇನ್ವೈಟ್, ಅದಕ್ಕೆ 200 ಓಕೆ, ಆ್ಯಕ್. ಆಮೇಲೂ ಅದೇ ಕ್ರಮ. ರೆಫರ್ ಆಫ್ ಮಾಡಿದ್ದೇವೆ. ಟ್ರಂಕ್ ರೂಟಿನಲ್ಲಿ ಹುಬ್ಬಳ್ಳಿಯ 3ರ ಸಾಲು ಬಿಟ್ಟು ಬೇರೆ ಯಾವುದಕ್ಕೂ ಬಿಡುವುದಿಲ್ಲ. ಎರಡೂ ಕಡೆಯ ಟ್ರೇಸನ್ನು ಬಾಕ್ಸ್ ಹಾಕಿಕೊಟ್ಟವರಿಗೆ ಕಳಿಸಿದ್ದೇನೆ. ರೀ-ಇನ್ವೈಟ್ ವಿಷಯಕ್ಕೆ ಅವರು ಟಿಕೆಟ್ ತೆರೆದಿದ್ದಾರೆ, ಉತ್ತರ ಬಂದಾಗ ಇಲ್ಲೇ ಹಾಕುತ್ತೇನೆ.